ಹನ್ನೊಂದು ಸೆಕೆಂಡಿನ ಮೌನ ಮತ್ತು ಮೆಗಾಬ್ಲಾಕ್

ಒಂದು ಭಾನುವಾರ ಮಧ್ಯಾಹ್ನ ಠಾಣೆಯ ಪಕ್ಕದ ಕಳವಾ ಎಂಬ ಊರಿನ ಪುಟ್ಟ ಕೋಣೆಯೊಂದರಲ್ಲಿ ನಾನು ಕೈಯಲ್ಲಿ ಕರ್ಚೀಫು ಹಿಡಿದು ಅಳಲು ಸಿದ್ಧಳಾಗಿ ಕೂತಿದ್ದೆ.

ಎದುರಿಗೆ ಹಳೆಯ ಪಿಯಾನೊ. ನುಡಿಸುತ್ತಿದ್ದವರು ಎಪ್ಪತ್ತು ದಾಟಿದ ಪಿಂಟೊ ಸರ್. ಇನ್ನೇನು ಆ ಜಾಗ ಬರುತ್ತದೆ. ಅವರು ಕೈ ಎತ್ತುತ್ತಾರೆ. ಹನ್ನೊಂದು ಸೆಕೆಂಡು ಕೋಣೆಯಲ್ಲಿ ಏನೂ ಕೇಳಿಸುವುದಿಲ್ಲ. ಆಗ ನಾನು ಅಳುತ್ತೇನೆ. ಮನೆಯಿಂದ ಹೊರಡುವಾಗಲೇ ಇಷ್ಟೂ ತಯಾರಾಗಿತ್ತು.

ಆ ಜಾಗ ಬಂತು. ಸರ್ ಕೈ ಎತ್ತಿದರು. ಒಂದು. ಎರಡು. ಮತ್ತೆ ನುಡಿಸತೊಡಗಿದರು.

"ಸರ್, ನಿಲ್ಲಿಸಲೇ ಇಲ್ಲ ನೀವು!" ಎಂದು ಕೂಗಿದೆ. (ನುಡಿಸುವವರ ನಡುವೆ ಬಾಯಿ ಹಾಕಬಾರದು ಎಂಬುದು ನನಗೂ ಗೊತ್ತು. ಆದರೆ ತಡೆಯಲಾಗಲಿಲ್ಲ.)

ಅವರು ಕನ್ನಡಕದ ಮೇಲಿಂದ ನೋಡಿದರು.

"ಎಂತಕ್ಕೆ ನಿಲ್ಲಿಸುದು? ಇವತ್ತು ಮೆಗಾಬ್ಲಾಕ್ ಅಲ್ವಾ ಮಾರಾಯ್ರೆ?"

ಪಕ್ಕದಲ್ಲಿ ಕೂತಿದ್ದ ವೈಷ್ಣವಿ ನನ್ನ ಕಡೆ ತಿರುಗಿದಳು. ಹದಿನೇಳು ವರ್ಷದ ಹುಡುಗಿಯ ಮುಖ ಅಷ್ಟು ಬಿಳಿಚಿಕೊಂಡದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಇದೇನು ಕಥೆ ಎಂದು ಮೊದಲಿನಿಂದ ಹೇಳುತ್ತೇನೆ. (ಒಮ್ಮೆ ಇದೇ ಅಂಕಣವನ್ನು ಕೊನೆಯಿಂದ ಮೊದಲಿಗೆ ಬರೆದು ನಿಮ್ಮಿಂದಲೂ ಸಂಪಾದಕರಿಂದಲೂ ಬೈಸಿಕೊಂಡದ್ದು ನೆನಪಿದೆ. ಹೆದರಬೇಡಿ.)

ವೈಷ್ಣವಿ ನಮ್ಮ ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಿಲ್ಡಿಂಗಿನ ಎರಡನೇ ಮಹಡಿಯ ಹುಡುಗಿ. ನಾನು ಮೂರನೆಯದರಲ್ಲಿ. ಅವಳ ತಂದೆ ಭಟ್ಟರು ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಮರಾಠಿ, ನನ್ನ ಹತ್ತಿರ ಕನ್ನಡ. ಮಗಳು ಮೂರನ್ನೂ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಈ ಹುಡುಗಿಗೆ ಪಿಯಾನೊದ ಹುಚ್ಚು ಹೇಗೆ ಹಿಡಿಯಿತು? ಭಟ್ಟರನ್ನು ಕೇಳಿದರೆ "ಎಂಟನೇ ವರ್ಷದಲ್ಲಿ ಯಾರೋ ಕಣ್ಣು ಹಾಕಿದ್ದು" ಎನ್ನುತ್ತಾರೆ. ಹಾಗೆ ಹೇಳುತ್ತಲೇ ಕೀಬೋರ್ಡಿನ ಕಾಲು ಸಡಿಲಾದರೆ ಸ್ಕ್ರೂಡ್ರೈವರ್ ಹಿಡಿದು ತಾವೇ ಮಂಡಿಯೂರಿ ಕೂರುತ್ತಾರೆ.

ವಿಷಯ ಇಷ್ಟು. ಅವಳು ಒಂದು ದೊಡ್ಡ ಪರೀಕ್ಷೆಗೆ ಕೂತಿದ್ದಳು. ಕಳೆದ ವರ್ಷ ಅದೇ ಪರೀಕ್ಷೆಯಲ್ಲಿ ಫೇಲಾಗಿದ್ದಳು. ನುಡಿಸುವುದರಲ್ಲಲ್ಲ, ಬರೆಯುವುದರಲ್ಲಿ. ಈ ಪರೀಕ್ಷೆಗೆ ಬರೀ ಬೆರಳು ಸಾಲದು. ನುಡಿಸುವ ಸೊನಾಟಾ ಎಂಬ ದೀರ್ಘ ರಚನೆಯ ಒಂದು ಭಾಗವನ್ನು ಬಿಚ್ಚಿ, ಅದರಲ್ಲಿ ಏನೇನಿದೆ, ಯಾವುದು ಯಾಕೆ ಅಲ್ಲಿದೆ ಎಂದು ಮೂರು ಪುಟ ಬರೆದು ಹತ್ತು ದಿನ ಮುಂಚೆ ಕಳಿಸಬೇಕು. ಪರೀಕ್ಷೆಯ ದಿನ ಅದರ ಮೇಲೆಯೇ ಪ್ರಶ್ನೆ ಕೇಳುತ್ತಾರೆ.

ಭಟ್ಟರ ಷರತ್ತು ಸ್ಪಷ್ಟವಾಗಿತ್ತು. ಈ ಸಲ ಪಾಸಾದರೆ ಸಂಗೀತದ ಡಿಗ್ರಿಗೆ ಸೇರಬಹುದು. ಇಲ್ಲವಾದರೆ ಬಿ.ಕಾಂ.

"ಫೇಲಾದ್ರೂ ನುಡಿಸ್ಲಿ, ಬೇಡ ಹೇಳುದಿಲ್ಲ ನಾನು," ಎಂದು ಒಂದು ಸಂಜೆ ನಮ್ಮ ಮನೆಗೆ ಬಂದು ಕೂತರು. "ಆದ್ರೆ ನಂಗೆ ಈ ಸಂಗೀತ ಅರ್ಥ ಆಗುದಿಲ್ಲ ಅಕ್ಕ. ಇಡ್ಲಿ ಆದ್ರೆ ಮುಟ್ಟಿ ಹೇಳ್ತೇನೆ, ಬೆಂದಿದೆಯಾ ಇಲ್ವಾ. ಇದನ್ನು ಯಾರಾದ್ರೂ ಗೊತ್ತಿದ್ದವ್ರು ಹೇಳ್ಬೇಕಲ್ಲ. ಪರೀಕ್ಷೆಯವ್ರು ಹೇಳ್ಲಿ."

ಇದನ್ನು ಅಪ್ಪನ ಕ್ರೌರ್ಯ ಎಂದು ಬರೆದುಬಿಡುವುದು ನನಗೆ ಸುಲಭ. ಆದರೆ ಅವರ ಕಣ್ಣಿನಲ್ಲಿ ಇದ್ದದ್ದು ಹೆದರಿಕೆ. ಗೊತ್ತಿಲ್ಲದ ರೈಲಿಗೆ ಮಗಳನ್ನು ಹತ್ತಿಸುವವರ ಹೆದರಿಕೆ.

"ನೀವು ಬರೀತೀರಲ್ಲ. ಸ್ವಲ್ಪ ಅವಳಿಗೆ ತಿದ್ದಿಕೊಡಿ," ಎಂದರು.

ತಿದ್ದಿಕೊಡಿ ಎಂದದ್ದು ಅವರು. ಬರೆದುಕೊಟ್ಟದ್ದು ನಾನು. ತಪ್ಪು ಇಲ್ಲಿಂದ ಶುರು.

ನನಗೆ ಪಾಶ್ಚಾತ್ಯ ಸಂಗೀತದ ಗಂಧವಿಲ್ಲ. ಹಾಗಾಗಿ ಮೊದಲ ವಾರ ಪಾಠ ಹೇಳಿದವಳು ಅವಳು, ಕೇಳಿದವಳು ನಾನು. ನಮ್ಮ ಊಟದ ಮೇಜಿನ ಮೇಲೆ ಸ್ವರಲಿಪಿಯ ಹಾಳೆಗಳು ಹರಡಿದವು. ಇನ್ನೂರು ವರ್ಷಕ್ಕೂ ಹಿಂದಿನ ಯಾರೋ ಬರೆದದ್ದು. ಪೆನ್ಸಿಲ್ಲಿನಲ್ಲಿ ಅವಳು ಗಡಿ ಎಳೆದು ತೋರಿಸಿದಳು.

ಮೊದಲಿಗೆ ಒಂದು ಥೀಮ್. ಡಿ ಮೇಜರಿನಲ್ಲಿ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಂತೆ ಜಿಗಿಯುವ ಮಟ್ಟು. ಡಿ ಎಂಬ ಸ್ವರವೇ ಇದರ ಮನೆ, ಹೊರಟು ಮರಳಿ ಸೇರುವ ಜಾಗ. ಆಮೇಲೆ ಒಂದು ಓಟ. ಎಡಗೈ ಹೊಲಿಗೆ ಯಂತ್ರದ ಹಾಗೆ ಒಂದೇ ಸಮ ಸ್ವರಗಳನ್ನು ಬಿಡಿಸಿ ಹೊಲಿಯುತ್ತದೆ, ಬಲಗೈ ಮನೆ ಬಿಟ್ಟು ಹೊರಡುತ್ತದೆ. ಅದು ತಲುಪುವುದು ಎ ಮೇಜರಿಗೆ, ಅಂದರೆ ಐದನೆಯ ಸ್ವರದ ಇನ್ನೊಂದು ಮನೆಗೆ. ಅಲ್ಲಿ ಎರಡನೆಯ ಥೀಮ್ ಇದೆ. ಇದು ಜಿಗಿಯುವುದಿಲ್ಲ, ಹಾಡುತ್ತದೆ.

ಮಧ್ಯದ ಭಾಗ ಗಲಾಟೆಯದು. ಮೊದಲನೆಯ ಥೀಮಿನ ತುಂಡುಗಳು ಮಾತ್ರ ಕೇಳುತ್ತವೆ. ಅದೇ ಜಿಗಿತ, ಆದರೆ ಕತ್ತಲಾದ ಮೈನರ್ ಸ್ವರಗಳಲ್ಲಿ. ಕೆಳಗೆ ಎಡಗೈ ಒಂದೇ ಎ ಸ್ವರವನ್ನು ಬಾಗಿಲು ಬಡಿದಂತೆ ಬಡಿಯುತ್ತಾ ಹೋಗುತ್ತದೆ. ಬಡಿದು ಬಡಿದು, ಹಲವು ಸ್ವರ ಒಟ್ಟಿಗೆ ನುಡಿಯುವ ದೊಡ್ಡದೊಂದು ಕಾರ್ಡ್ ಆಗಿ ನಿಲ್ಲುತ್ತದೆ. ನಂತರ ಒಂದು ಖಾಲಿ ಜಾಗ. ಆಮೇಲೆ ಮೊದಲ ಥೀಮ್ ಮತ್ತೆ ಡಿ ಮೇಜರಿನಲ್ಲಿ. ಮನೆ ಸಿಕ್ಕಿತು.

"ಹಾಗಾದ್ರ ಕೊನೀ ಭಾಗ ಮೊದಲ್ನೇದರ ಕಾಪಿ ಏನು?" ಎಂದು ಕೇಳಿದೆ.

"ನಹೀ ಆಂಟಿ. ಸೆಕೆಂಡ್ ಥೀಮ್ ದೇಖೋ. ಪೆಹಲೇ ಎ ಮೇ ಥಾ. ಅಬ್ ಡಿ ಮೇ ಆಯಾ."

ಕಣ್ಣು ಬಿಟ್ಟು ನೋಡಿದೆ. ಹೌದು. ತನ್ನ ಸ್ವಂತ ಮನೆಯಲ್ಲಿ ಹಾಡುತ್ತಿದ್ದ ಎರಡನೆಯ ಥೀಮ್ ಈಗ ಮೊದಲನೆಯದರ ಮನೆಗೆ ಬಂದು ಹಾಡುತ್ತಿದೆ. ಮಟ್ಟು ಅದೇ. ಮನೆ ಬೇರೆ.

"ಅಂದ್ರ ಮದುವಿ ಆಗಿ ಗಂಡನ ಮನೀಗೆ ಬಂದ್ಲು!"

"ಹರ್ ಚೀಜ್ ಮೇ ಸಾಸ್-ಬಹೂ ಮತ್ ಲಾವೋ ನಾ, ಆಂಟಿ!" ಎಂದು ತಲೆ ಚಚ್ಚಿಕೊಂಡಳು.

ಒಪ್ಪಿಕೊಂಡೆ, ಅತ್ತೆ-ಸೊಸೆಯ ಆ ಹೋಲಿಕೆ ಕೈಬಿಟ್ಟೆ. ಆದರೆ ಆ ಖಾಲಿ ಜಾಗ ನನ್ನನ್ನು ಬಿಡಲಿಲ್ಲ. ಮಧ್ಯದ ಗಲಾಟೆಗೂ ಮನೆಗೂ ನಡುವಿನ ಖಾಲಿ ಜಾಗ. ಅದರ ಮೇಲೆ ಒಂದು ಗುರುತು ಇತ್ತು. ಒಂದು ಚುಕ್ಕಿ, ಅದರ ಮೇಲೆ ಹುಬ್ಬಿನಂಥ ಗೆರೆ. ಅದಕ್ಕೆ ಫರ್ಮಾಟಾ ಎನ್ನುತ್ತಾರಂತೆ. ಇಲ್ಲಿ ನಿಲ್ಲು, ಎಷ್ಟು ಹೊತ್ತು ಎಂಬುದು ನುಡಿಸುವವರಿಗೆ ಬಿಟ್ಟದ್ದು ಎಂದು ಅದರ ಅರ್ಥ.

"ಎಷ್ಟೊತ್ತು ನಿಲ್ಲತಾರ?"

ವೈಷ್ಣವಿ ಫೋನಿನಲ್ಲಿದ್ದ ರೆಕಾರ್ಡಿಂಗ್ ಹಾಕಿದಳು. ವರ್ಷದ ಹಿಂದೆ ಕಳವಾ ಊರಿನ ಕ್ಲಾಸಿನಲ್ಲಿ ಪಿಂಟೊ ಸರ್ ನುಡಿಸಿದ್ದು. ಅಂದಿನಿಂದ ಅದನ್ನೇ ಕೇಳಿ ಕೇಳಿ ಅವಳು ಅಭ್ಯಾಸ ಮಾಡಿದ್ದಳು. ದೊಡ್ಡ ಕಾರ್ಡ್ ಬಂತು. ನಿಂತಿತು. ಮೌನ. ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೊಂದು ಸೆಕೆಂಡು! ಆಮೇಲೆ, ಏನೂ ಆಗಿಲ್ಲವೆಂಬಂತೆ, ಮೊದಲ ಥೀಮ್.

ಮತ್ತೊಮ್ಮೆ ಹಾಕಿಸಿದೆ. ಯಾಕೆಂದರೆ ಆ ಮೌನ ನನಗೆ ಗೊತ್ತಿತ್ತು.

ನನ್ನ ಅಪ್ಪ ಗದಗಿನಿಂದ ಬಂದು ಇಲ್ಲಿಯೇ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದವರು. ಸಂಜೆ ಮನೆಗೆ ಬರುವಾಗ ಅವರ ಬೂಟಿನ ಸದ್ದು ಮೆಟ್ಟಿಲ ಮೇಲೆ ಕೇಳುತ್ತಿತ್ತು. ಬಾಗಿಲ ಹೊರಗೆ ನಿಲ್ಲುತ್ತಿತ್ತು. ಒಳಗೆ ಹೋಂವರ್ಕ್ ಮಾಡುತ್ತಿದ್ದ ನಾನು ಪೆನ್ಸಿಲು ಎತ್ತಿ ಕಾಯುತ್ತಿದ್ದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಾಗಿಲು ಬಡಿಯುವ ಸದ್ದು. ಆ ಸ್ವಲ್ಪ ಹೊತ್ತಿನಲ್ಲಿ ಅಪ್ಪ ಏನು ಮಾಡುತ್ತಿದ್ದರು? ಕಾರ್ಖಾನೆಯ ಸಿಟ್ಟು, ಫೋರ್‌ಮನ್ನನ ಬೈಗುಳ, ಯಂತ್ರದ ಗದ್ದಲ ಎಲ್ಲವನ್ನೂ ಹೊಸ್ತಿಲ ಆಚೆ ಇಳಿಸುತ್ತಿದ್ದರು ಎಂದು ನಾನು ದೊಡ್ಡವಳಾದ ಮೇಲೆ ತೀರ್ಮಾನಿಸಿದ್ದೆ.

ಬರೆದೆ ನೋಡಿ! ಒಂದು ಇಡೀ ಪ್ಯಾರಾ, ಇಂಗ್ಲಿಷಿನಲ್ಲಿ. ಈ ಹನ್ನೊಂದು ಸೆಕೆಂಡಿನ ಮೌನವೇ ಇಡೀ ರಚನೆಯ ಕೇಂದ್ರ. ಗದ್ದಲವನ್ನು ಹೊರಗೆ ಬಿಡದೆ ಯಾರೂ ಮನೆಯೊಳಗೆ ಬರಲಾರರು. ರಚನೆಕಾರ ಮನೆಯ ಬಾಗಿಲಲ್ಲಿ ನಿಂತು ಉಸಿರು ಬಿಡುತ್ತಿದ್ದಾನೆ.

ವೈಷ್ಣವಿ ಓದಿ, ಸ್ವರಲಿಪಿಯ ಹಾಳೆಯ ಆ ಗುರುತಿನ ಮೇಲೆ ಬೆರಳಿಟ್ಟಳು.

"ಆಂಟಿ, ಸ್ಕೋರ್ ಮೇ ಸಿರ್ಫ್ ಫರ್ಮಾಟಾ ಹೈ. ಇತನಾ ಲಂಬಾ... ಪಕ್ಕಾ ಹೈ ನಾ?"

"ಪಕ್ಕಾ," ಎಂದೆ ತಕ್ಷಣ. "ಸಂಗೀತ ಅಂದ್ರ ಬರೀ ಹಾಳಿ ಮ್ಯಾಲಿಂದು ಏನವಾ? ನಿಮ್ಮ ಸರ್ ನಿಂತಿದ್ದು ಕೇಳಿದಿ ಇಲ್ಲೋ?"

ಬುಧವಾರ ಆ ಮೂರು ಪುಟ ಅಪ್‌ಲೋಡ್ ಆಯಿತು. ಒಮ್ಮೆ ಕಳಿಸಿದರೆ ವಾಪಸ್ ತೆಗೆಯಲಾಗುವುದಿಲ್ಲ. ಭಾನುವಾರ, ಸರ್ ನುಡಿಸುವುದನ್ನು ಎದುರಿಗೆ ಕೂತು ಒಮ್ಮೆ ಕೇಳಬೇಕು ಎಂದು ನಾನೇ ಹಟ ಮಾಡಿ ಅವಳ ಜೊತೆ ಹೊರಟೆ. ಮೆಗಾಬ್ಲಾಕ್ ಎಂದರೆ ನಿಮಗೆ ಗೊತ್ತೇ ಇದೆ, ಭಾನುವಾರ ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸುವ ವ್ರತ. ಅವತ್ತು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿಗಳ ಸ್ಲೋ ಲೈನು ಬಂದ್. ಕಳವಾ ಸ್ಟೇಷನ್ನಿನಲ್ಲಿ ಯಾವ ಗಾಡಿಯೂ ನಿಲ್ಲುವುದಿಲ್ಲ. ಠಾಣೆಯಲ್ಲಿ ಇಳಿದು, ರಿಕ್ಷಾ ಹಿಡಿದು, ಖಾಡಿ ಎನ್ನುವ ಉಪ್ಪುನೀರ ಹೊಳೆಯ ಸೇತುವೆ ದಾಟಿ ಸರ್ ಮನೆ ತಲುಪಿದೆವು.

ಈಗ ಮತ್ತೆ ಆ ಕೋಣೆಗೆ ಬನ್ನಿ.

"ಮೆಗಾಬ್ಲಾಕಿಗೂ ಇದಕ್ಕೂ ಏನು ಸಂಬಂಧ ಸರ್?"

ಪಿಂಟೊ ಸರ್ ಎದ್ದು ಕಿಟಕಿ ಪೂರ್ತಿ ತೆರೆದರು. ಹತ್ತು ಹೆಜ್ಜೆ ಆಚೆ ಹಳಿ. ಅವತ್ತು ಅದರ ಮೇಲೆ ಕಿತ್ತಳೆ ಬಣ್ಣದ ಜಾಕೀಟು ಹಾಕಿದ ಮೂವರು ನೀರು ಕುಡಿಯುತ್ತಾ ಕೂತಿದ್ದರು. ಸರ್ ಮಂಗಳೂರು ಕಡೆಯವರು, ಮೂವತ್ತು ವರ್ಷ ಇಲ್ಲಿಯೇ ಲೋಕಲ್ ಗಾಡಿ ರಿಪೇರಿಯ ರೈಲ್ವೆ ಕಾರ್ ಶೆಡ್ಡಿನಲ್ಲಿ ದುಡಿದವರು. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಆರ್ಗನ್, ಉಳಿದ ದಿನ ಸಂಜೆ ಈ ಕೋಣೆಯಲ್ಲಿ ಪಾಠ.

"ನೋಡಿ, ಗಾಡಿ ಬಂದ್ರೆ ಇಲ್ಲಿ ನನ್ನ ಕೈ ನನಗೇ ಕೇಳುದಿಲ್ಲ," ಎಂದರು. "ದೂರದಲ್ಲಿ ಬರುವಾಗ್ಲೇ ನಂಗೆ ಗೊತ್ತಾಗ್ತದೆ, ಕಾಲಿನ ಅಡಿಗೆ ನೆಲ ಹೇಳ್ತದೆ. ಆಗ ಸ್ವಲ್ಪ ಬೇಗ ಅಥವಾ ಸ್ವಲ್ಪ ನಿಧಾನ ಮಾಡಿ, ನಿಲ್ಲುವ ಜಾಗ ಬರುವ ಹೊತ್ತಿಗೂ ಗಾಡಿ ಬರುವ ಹೊತ್ತಿಗೂ ಸರಿ ಮಾಡ್ತೇನೆ. ಫರ್ಮಾಟಾದಲ್ಲಿ ಗಾಡಿ ದಾಟಿಸಿ ಬಿಡುದು. ಹನ್ನೆರಡು ಡಬ್ಬಿಯ ಗಾಡಿ, ಹನ್ನೊಂದು ಸೆಕೆಂಡ್. ಎಷ್ಟು ವರ್ಷದಿಂದ ಹಾಗೇ!"

ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು. ಯಾಕಿರಬಾರದು? ಸಂಗೀತವನ್ನು ಕೆಡಿಸದೆ, ರೈಲನ್ನೂ ಬೈಯದೆ, ಎರಡಕ್ಕೂ ಒಂದೇ ಖಾಲಿ ಜಾಗದಲ್ಲಿ ವ್ಯವಸ್ಥೆ ಮಾಡಿದ ಮನುಷ್ಯ.

"ಆದ್ರ ಸರ್, ರೆಕಾರ್ಡಿಂಗಿನ್ಯಾಗ ಗಾಡಿ ಸಪ್ಪಳ ಇಲ್ಲಲ್ಲ?"

ಈಗ ವೈಷ್ಣವಿ ಬಾಯಿ ಬಿಟ್ಟಳು. ವಿಠ್ಠಲವಾಡಿಯಲ್ಲಿ ಅವಳ ಸೋದರಮಾವನ ಮಗನಿದ್ದಾನೆ, ಮದುವೆ ವಿಡಿಯೊ ಎಡಿಟ್ ಮಾಡುವವನು. ರೆಕಾರ್ಡಿಂಗಿನಲ್ಲಿ ಗದ್ದಲವಿದೆ, ಕ್ಲೀನ್ ಮಾಡಿಕೊಡು ಎಂದು ಅವನಿಗೆ ಕೊಟ್ಟಿದ್ದಳು. ಅವನು ಶುದ್ಧವಾಗಿ ಕ್ಲೀನ್ ಮಾಡಿದ್ದ. ಒಂದು ಇಡೀ ಲೋಕಲ್ ಗಾಡಿಯನ್ನು, ಹನ್ನೆರಡು ಡಬ್ಬಿ ಸಮೇತ, ಅಳಿಸಿಹಾಕಿದ್ದ.

"ಮತ್ತ ನೀ ವಾರಕ್ಕ ಎರಡು ದಿನ ಇಲ್ಲೇ ಬರತಿ. ಗಾಡಿ ಹೋಗೂದು ನಿನಗ ಗೊತ್ತಾಗಲಿಲ್ಲ?"

"ಟ್ರೇನ್ ಕೌನ್ ಸುನತಾ ಹೈ, ಆಂಟಿ?"

ಅದೂ ನಿಜ. ಹಳಿಯ ಪಕ್ಕ ಹುಟ್ಟಿ ಬೆಳೆದವರಿಗೆ ರೈಲು ಕೇಳಿಸುತ್ತದೆಯೇ? ನಿಮಗೆ ನಿಮ್ಮ ಫ್ಯಾನು ಕೇಳಿಸುತ್ತದೆಯೇ?

ಮತ್ತೆ ರಿಕ್ಷಾ ಹಿಡಿದು ವಾಪಸ್ ಹೊರಟೆವು. ಠಾಣೆಯ ಪ್ಲಾಟ್‌ಫಾರ್ಮಿನ ಮೇಲೆ, ಮೆಗಾಬ್ಲಾಕಿನ ಜಾತ್ರೆಯ ನಡುವೆ, ಅವಳು ಒಮ್ಮೆಗೆ ತಿರುಗಿ ನಿಂತಳು.

"ಮೈನೇ ಪೂಛಾ ಥಾ, ಆಂಟಿ. ಪಕ್ಕಾ ಹೈ ನಾ, ಪೂಛಾ ಥಾ. ಆಪನೇ ಬೋಲಾ ಪಕ್ಕಾ."

ಕೇಳಿದ್ದಳು, ನಿಜ. ಪಕ್ಕಾ ಎಂದದ್ದೂ ನಾನೇ. ಐವತ್ತೇಳು ವರ್ಷದ ಹೆಂಗಸು ನಾನು, ಅಚ್ಚುಕಟ್ಟಾದ ನೆನಪುಗಳನ್ನು ನಂಬಬೇಡಿ ಎಂದು ಇದೇ ಜಾಗದಲ್ಲಿ ನಿಮಗೆ ಎಷ್ಟು ಸಲ ಉಪದೇಶ ಮಾಡಿಲ್ಲ! ನುಣುಪಾದ ನೆನಪು ಕಂಡರೆ ಅದನ್ನು ಯಾರು ಉಜ್ಜಿದರು ಎಂದು ಕೇಳಿ ಎಂದು ಬರೆದಿಲ್ಲವೇ? ನನ್ನದೇ ನೆನಪು ಒಂದು ರೈಲು ದಾಟುವಷ್ಟು ಹೊತ್ತಿನ ಖಾಲಿ ಜಾಗ ಸಿಕ್ಕಿದ್ದೇ ತಡ, ಒಳಗೆ ಹೋಗಿ ಮಂಚ ಹಾಕಿಕೊಂಡು ಕೂತುಬಿಟ್ಟಿತು. ಅದೂ ಬೇರೆಯವರ ಪರೀಕ್ಷೆಯ ಹಾಳೆಯಲ್ಲಿ.

"ನಾ ಅವರಿಗೆ ಮೇಲ್ ಬರೀತೀನಿ. ಆ ಪ್ಯಾರಾ ನಂದು, ಹುಡುಗಿದಲ್ಲ ಅಂತ," ಎಂದೆ.

"ಫಿರ್ ತೋ ಸೀಧಾ ಫೇಲ್," ಎಂದಳು. ಬೇರೆಯವರಿಂದ ಬರೆಸಿಕೊಂಡರೆ ಪರೀಕ್ಷೆಯೇ ರದ್ದು. ಅದೂ ನನಗೆ ಹೊಳೆದಿರಲಿಲ್ಲ. ಸಹಾಯ ಮಾಡುವ ಉತ್ಸಾಹದಲ್ಲಿ ನಿಯಮ ಓದುವವರುಂಟೇ?

ಆ ರಾತ್ರಿ ಊಟವಾದ ಮೇಲೆ ಹುಬ್ಬಳ್ಳಿಯಲ್ಲಿರುವ ಅಣ್ಣನಿಗೆ ಫೋನು ಮಾಡಿದೆ. ಒಂದು ಮೌನ ಕಳಚಿದ ಮೇಲೆ ಇನ್ನೊಂದರ ಮೇಲೂ ಅನುಮಾನ ಬಂದಿತ್ತು.

"ಅಣ್ಣಾ, ಅಪ್ಪ ಸಂಜಿಕ ಬಾಗಿಲ ಹೊರಗ ಸುಮ್ಮನ ನಿಲ್ಲತಿದ್ರಲ್ಲ, ಯಾಕ ಅಂತ ನೆನಪದ?"

ಅಣ್ಣ ಹೋ ಎಂದು ನಕ್ಕ.

"ನಿನಗ ಗೊತ್ತಿಲ್ಲೇನವಾ? ಬೀಡಿ ಸೇದಿ ಬರತಿದ್ದ. ಅವ್ವಗ ವಾಸನಿ ಬರಬಾರದಂತ ಕಿಸೆದಾಗಿನ ಯಾಲಕ್ಕಿ ತಗದು ಬಾಯಾಗ ಹಾಕ್ಕೋತಿದ್ದ. ಅಗದು ಮುಗಿಸಿ ಬಾಗಿಲ ಬಡೀತಿದ್ದ. ನಾ ಒಮ್ಮೆ ಮೆಟ್ಟಲ ಮ್ಯಾಲ ನೋಡೀನಲ್ಲ!"

ಯಾಲಕ್ಕಿ.

ನಲವತ್ತು ವರ್ಷ ನಾನು ಹೊಸ್ತಿಲ ಆಚೆ ಇಳಿಸಿದ ನೋವು ಎಂದುಕೊಂಡದ್ದು ಯಾಲಕ್ಕಿ. ಫೋನಿಟ್ಟು ಬಿದ್ದು ಬಿದ್ದು ನಕ್ಕೆ. ನಗು ಮುಗಿದ ಮೇಲೆ ಏನೋ ಕಳೆದುಹೋದಂತೆಯೂ ಆಯಿತು. ಅಪ್ಪ ಮೊದಲಿಗಿಂತ ಸಣ್ಣವರಾದರೇ? ಇಲ್ಲ. ಅವ್ವ ಬೈಯುತ್ತಾಳೆಂದು ಬಾಗಿಲಲ್ಲಿ ನಿಂತು ಯಾಲಕ್ಕಿ ಅಗಿಯುವ ಗಂಡಸು ಹತ್ತಿರದವರಾಗಿಯೇ ಕಂಡರು. ನನ್ನ ಪ್ಯಾರಾದ ಹಿಂದಿದ್ದ ಅಪ್ಪನಿಗಿಂತ ಇವರಿಗೆ ಮೈ ಇತ್ತು.

ಆದರೆ ವೈಷ್ಣವಿಗೆ ಯಾಲಕ್ಕಿಯಿಂದ ಏನು ಪ್ರಯೋಜನ?

ಆ ವಾರವೆಲ್ಲ ಎರಡನೇ ಮಹಡಿಯಿಂದ ಒಂದೇ ಸದ್ದು. ಅವಳು ಹೆಡ್‌ಫೋನ್ ಹಾಕಿ ನುಡಿಸುತ್ತಾಳೆ, ಹಾಗಾಗಿ ನಮಗೆ ಸ್ವರ ಕೇಳುವುದಿಲ್ಲ, ಕೀಲಿಗಳು ಮರಕ್ಕೆ ಬಡಿಯುವ ಟಕ್ ಟಕ್ ಮಾತ್ರ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಾ ಕಿವಿಗೊಟ್ಟೆ. ಎಡಗೈ ಎ ಸ್ವರ ಬಡಿಯುವ ಜಾಗ ಗುರುತು ಹತ್ತಿತು. ಟಕ್ ಟಕ್ ಟಕ್, ಆಮೇಲೆ ನಿಲುಗಡೆ. ಒಂದು ಸಲ ಎರಡು ಸೆಕೆಂಡು. ಮತ್ತೊಂದು ಸಲ ಎಂಟು. ಮತ್ತೆ ಮೂರು. ಹಿಂದೆ ಹೋಗುತ್ತಿದ್ದಳು, ಮತ್ತೆ ಬರುತ್ತಿದ್ದಳು. ಅಂಗಡಿಯಲ್ಲಿ ಚಪ್ಪಲಿ ಹಾಕಿ ನೋಡುವವರ ಹಾಗೆ ಒಂದೊಂದು ಮೌನವನ್ನೂ ಹಾಕಿ ನೋಡುತ್ತಿದ್ದಳು.

ನನ್ನನ್ನು ಕರೆಯಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ತಲೆಯಾಡಿಸುತ್ತಿದ್ದಳು, ಅಷ್ಟೇ. ಭಟ್ಟರು ಮಾತ್ರ ಏನೂ ತಿಳಿಯದೆ, "ನೀವು ಬರೆದುಕೊಟ್ಟದ್ದು ಭಾರೀ ಚೆಂದ ಉಂಟಂತೆ ಅಕ್ಕ. ಶನಿವಾರ ನೀವೂ ಬರ್ಬೇಕು," ಎಂದು ಬಿಸಿ ಬನ್ಸ್ ಕಳಿಸಿದರು. ಆ ಬನ್ಸನ್ನು ತಟ್ಟೆಯಲ್ಲೇ ಮುಚ್ಚಿಟ್ಟೆ.

ಪರೀಕ್ಷೆ ವಾಶಿಯ ಒಂದು ಶಾಲೆಯ ಹಾಲಿನಲ್ಲಿ. ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ವಾಶಿ, ಮೂವರೂ ಹೋದೆವು. ಹೋಟೆಲಿನ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ ಭಟ್ಟರು ಹೊಸ ಶರ್ಟು ಹಾಕಿದ್ದರು. ವೈಷ್ಣವಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ.

ಸೊನಾಟಾ ಶುರುವಾಯಿತು. ಮುಚ್ಚಿದ ಬಾಗಿಲಿನಿಂದಲೂ ಸರಿಯಾಗಿ ಕೇಳುತ್ತಿತ್ತು. ಜಿಗಿಯುವ ಥೀಮ್. ಹೊಲಿಗೆ ಯಂತ್ರ. ಹಾಡುವ ಥೀಮ್, ತನ್ನ ಮನೆಯಲ್ಲಿ.

"ಸರಿ ಉಂಟಾ ಅಕ್ಕ?" ಭಟ್ಟರು ಪಿಸುಗುಟ್ಟಿದರು.

"ಸರಿ ಅದ."

ಮಧ್ಯದ ಗಲಾಟೆ. ತುಂಡು ತುಂಡು ಜಿಗಿತ. ಎಡಗೈ ಬಾಗಿಲು ಬಡಿಯತೊಡಗಿತು.  ಹನ್ನೊಂದು ನಿಂತರೆ ಹಾಳೆಯಲ್ಲಿ ಬರೆದದ್ದಕ್ಕೆ ಸರಿ, ಸಂಗೀತಕ್ಕೆ ತಪ್ಪು. ಎರಡು ನಿಂತರೆ ಸಂಗೀತಕ್ಕೆ ಸರಿ, ಬರೆದದ್ದು ಸುಳ್ಳು. ಯಾವ ಕಡೆಯಿಂದ ನೋಡಿದರೂ ಸಿಕ್ಕಿಹಾಕಿಸಿದವಳು ನಾನು.

ದೊಡ್ಡ ಕಾರ್ಡ್. ನಿಂತಿತು.

ಒಂದು. ಎರಡು.

ಮೂರು.

"ಮರೆತಳಾ?" ಭಟ್ಟರು ನನ್ನ ಮುಂಗೈ ಹಿಡಿದರು.

ನಾಲ್ಕು. ಮೊದಲ ಥೀಮ್, ಡಿ ಮೇಜರ್, ಎರಡೆರಡು ಮೆಟ್ಟಿಲು ಹತ್ತುತ್ತಾ.

ಭಟ್ಟರು ಕೈ ಬಿಟ್ಟು ಉಸಿರು ಬಿಟ್ಟರು. ನಾನೂ ಬಿಟ್ಟೆ. ಆಮೇಲೆ ಹಾಡುವ ಥೀಮ್ ಬಂತು, ಈ ಸಲ ಡಿ ಮೇಜರಿಗೆ. ಸಂಗೀತ ಅರ್ಥವಾಗುವುದಿಲ್ಲ ಎನ್ನುವ ಭಟ್ಟರು ತಲೆ ವಾಲಿಸಿದರು. "ಇದು ಮೊದಲೊಮ್ಮೆ ಬಂದದ್ದೇ ಅಲ್ವಾ? ಆದ್ರೆ ಏನೋ ಬೇರೆ ಉಂಟು," ಎಂದರು. ನನಗೆ ಅದು ಕಾಣಲು ವೈಷ್ಣವಿಯ ಪೆನ್ಸಿಲ್ಲು ಬೇಕಾಗಿತ್ತು.

ನಂತರ ಒಳಗೆ ಬರೀ ಮಾತು. ಏನೆಂದು ಕೇಳಲಿಲ್ಲ. ಒಮ್ಮೆ ಯಾರೋ ನಕ್ಕರು. ಯಾರೆಂದು ಗೊತ್ತಾಗಲಿಲ್ಲ.

ಹೊರಗೆ ಬಂದ ವೈಷ್ಣವಿ ನೀರು ಕುಡಿದು, ಬೆಂಚಿನ ಮೇಲೆ ಕೂತು, ನಡೆದದ್ದನ್ನು ಹೇಳಿದಳು. ಪರೀಕ್ಷಕಿ ನಡುವಯಸ್ಸಿನ ಹೆಂಗಸು. ಹಾಳೆಯಲ್ಲಿ ಬೆರಳಿಟ್ಟು ಕೇಳಿದರಂತೆ. ಹನ್ನೊಂದು ಸೆಕೆಂಡಿನ ಮೌನವೇ ಕೇಂದ್ರ ಎಂದು ಬರೆದಿದ್ದೀಯ, ನುಡಿಸುವಾಗ ನಾಲ್ಕಕ್ಕೇ ಮುಗಿಸಿದೆ, ಯಾಕೆ?

"ನೀ ಏನಂದಿ?" ಎಂದು ಕೇಳಿದೆ.

ಅವಳು ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಹನ್ನೊಂದು ಸೆಕೆಂಡು ನಮ್ಮ ಸರ್ ಮನೆಯ ಮುಂದೆ ಗಾಡಿ ದಾಟುವ ಹೊತ್ತು. ರೆಕಾರ್ಡಿಂಗಿನಲ್ಲಿ ಗಾಡಿ ಅಳಿಸಿಹೋಗಿತ್ತು. ಹಾಳೆಯಲ್ಲಿರುವುದು ತಪ್ಪು, ಕಳಿಸಿದ ಮೇಲೆ ಗೊತ್ತಾಯಿತು. ನಕ್ಕವರು ಪರೀಕ್ಷಕಿಯೇ. ಆದರೆ ನಕ್ಕು ಬಿಟ್ಟುಬಿಡಲಿಲ್ಲ. ಹಾಗಾದರೆ ಎರಡು ಸೆಕೆಂಡು ಸಾಕಿತ್ತಲ್ಲ, ನಾಲ್ಕು ಯಾವ ಲೆಕ್ಕ ಎಂದು ಕೇಳಿದರಂತೆ.

"ಮೈನೇ ಬೋಲಾ, ದೋ ಮೇ ಲೋಗ್ ಫಸ್ಟ್ ಥೀಮ್ ಕೋ ಭೂಲತೇ ನಹೀ. ಛೇ ಮೇ ಲಗತಾ ಹೈ ಮೈ ಭೂಲ್ ಗಯೀ. ಚಾರ್ ಮೇ... ಸೋಚತೇ ಹೈ, ಅಬ್ ಕ್ಯಾ ಆಯೇಗಾ."

ಎರಡು ಸೆಕೆಂಡಿನಲ್ಲಿ ಕೇಳುವವರು ಮೊದಲ ಥೀಮನ್ನು ಮರೆತಿರುವುದಿಲ್ಲ, ಅದು ಬಂದರೆ ಅಚ್ಚರಿಯಿಲ್ಲ. ಆರು ಸೆಕೆಂಡು ನಿಂತರೆ ನುಡಿಸುವವಳೇ ಮರೆತಳೇನೋ ಎನ್ನಿಸುತ್ತದೆ. ನಾಲ್ಕರಲ್ಲಿ, ಮುಂದೇನು ಎಂದು ಕಾಯುತ್ತಾರೆ. ಬೆಂಚಿನ ಮೇಲೆ ಭಟ್ಟರು ನನ್ನ ಕೈ ಹಿಡಿದದ್ದು ಮೂರಕ್ಕೆ, ಬಿಟ್ಟದ್ದು ನಾಲ್ಕಕ್ಕೆ. ಇದಕ್ಕಿಂತ ಒಳ್ಳೆಯ ವಿಶ್ಲೇಷಣೆ ಯಾರಾದರೂ ಬರೆಯಬಲ್ಲರೇ? ಒಂದು ವಾರದ ಟಕ್ ಟಕ್ಕಿನಿಂದ ಅವಳು ಕಂಡುಕೊಂಡದ್ದು ಇದು. ನನ್ನ ಪ್ಯಾರಾದಲ್ಲಿ ಇದು ಎಲ್ಲಿತ್ತು?

ಇನ್ನೊಂದು ಮಾತು. ಹಾಳೆಯಲ್ಲಿರುವುದು ತಪ್ಪು ಎಂದಳು, ಬರೆದವರು ಯಾರು ಎನ್ನಲಿಲ್ಲ. ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು. ನಾನದನ್ನು ಇಲ್ಲಿ ಬರೆಯಲೇ ಎಂದು ಕೇಳಿದಾಗ "ರಿಸಲ್ಟ್ ಕೇ ಬಾದ್" ಎಂದಳು. ಅವಳ ಹೆಸರನ್ನೂ ಉಳಿದವರ ಹೆಸರನ್ನೂ ಬದಲಿಸಿದ್ದೇನೆ. (ನನ್ನ ಹೆಸರು ಅಂಕಣದ ಮೇಲೆ ಇದ್ದೇ ಇದೆ. ಇರಲಿ.)

ಕಳೆದ ವಾರ ರಿಸಲ್ಟ್ ಬಂತು. ಪಾಸು. ನುಡಿಸಿದ್ದಕ್ಕೂ ಪ್ರಶ್ನೋತ್ತರಕ್ಕೂ ಒಳ್ಳೆಯ ಅಂಕ. ಬರವಣಿಗೆ ಅಂಚಿನಲ್ಲಿ ದಾಟಿದೆ. ಪ್ಯಾರಾದ ಪಕ್ಕ ಪರೀಕ್ಷಕಿಯ ಒಂದು ಸಾಲು: ಗದ್ಯ ಚೆನ್ನಾಗಿದೆ, ಆದರೆ ಈ ಸಂಗೀತದ ಬಗ್ಗೆ ಅಲ್ಲ. ವೈಷ್ಣವಿ ಫೋನು ನನ್ನ ಮುಂದೆ ಹಿಡಿದು, "ಯೇ ಆಪಕೇ ಮಾರ್ಕ್ಸ್ ಹೈ, ಆಂಟಿ," ಎಂದಳು. ಎರಡು ವಾರದ ನಂತರ ಅವಳ ಮುಖದಲ್ಲಿ ನನ್ನ ಮೇಲಿನ ನಗು ಕಂಡೆ. ಅದಕ್ಕಾಗಿ ಇನ್ನೂ ನಾಲ್ಕು ಅಂಕ ಕಡಿಮೆ ಕೊಟ್ಟರೂ ತೆಗೆದುಕೊಳ್ಳುತ್ತಿದ್ದೆ.

ಭಟ್ಟರು ಡಿಗ್ರಿಯ ಫಾರ್ಮು ತಂದರು. ಬಿ.ಕಾಂ. ಫಾರ್ಮನ್ನು ಹರಿಯಲಿಲ್ಲ, ಮಡಚಿ ಡ್ರಾಯರಿನಲ್ಲಿಟ್ಟರು. ಹೋಟೆಲಿನವರಿಗೆ ಏನನ್ನೂ ಎಸೆದು ಗೊತ್ತಿಲ್ಲ. ಪಿಂಟೊ ಸರ್‌ಗೆ ಫೋನಿನಲ್ಲಿ ಎಲ್ಲ ಹೇಳಿದರೆ, "ನಾಲ್ಕಾ?" ಎಂದು ಯೋಚಿಸಿ, "ಪರೀಕ್ಷೆಗೆ ಸಾಕು. ಕಳವಾಕ್ಕೆ ಸಾಲುದಿಲ್ಲ," ಎಂದರು.

ಮೊನ್ನೆ ಸಂಜೆ ವೈಷ್ಣವಿ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದಳು. ನನ್ನ ಆ ಪ್ಯಾರಾದಲ್ಲಿ ಇಲ್ಲದ ಕಥೆಯನ್ನು, ಅಪ್ಪ ಬಾಗಿಲಲ್ಲಿ ನಿಲ್ಲುತ್ತಿದ್ದದ್ದನ್ನು, ಅವಳಿಗೆ ಮೊದಲ ಸಲ ಹೇಳಿದೆ. ಅಣ್ಣನ ಫೋನು, ಬೀಡಿ, ಅವ್ವನ ಮೂಗು, ಕೊನೆಗೆ ಯಾಲಕ್ಕಿ. ಚೆನ್ನಾಗಿ ಹೇಳಿದೆ. ಹೇಳುತ್ತಾ ಹೇಳುತ್ತಾ ಕಥೆ ನುಣುಪಾಗುತ್ತಿರುವುದು ನನಗೇ ತಿಳಿಯುತ್ತಿತ್ತು. ಅಪ್ಪನ ಕಿಸೆಯ ಬಣ್ಣ ಖಾಕಿ ಎಂದೆ. ಅದನ್ನು ಅಣ್ಣ ಹೇಳಿರಲಿಲ್ಲ. ಯಾಲಕ್ಕಿ ಸಿಪ್ಪೆ ಮೆಟ್ಟಿಲ ಮೇಲೆ ಬಿದ್ದಿರುತ್ತಿತ್ತು ಎಂದೆ. ಅದನ್ನು ಯಾರೂ ನೋಡಿರಲಿಲ್ಲ.

ವೈಷ್ಣವಿ ಕಪ್ಪು ಕೆಳಗಿಟ್ಟಳು.

"ಆಂಟಿ, ಪಕ್ಕಾ ಹೈ ನಾ?"

ಈ ಸಲ ಉತ್ತರ ಕೊಡುವ ಮೊದಲು ನಾಲ್ಕರವರೆಗೆ ಎಣಿಸಿದೆ.